‘ಉದ್ದೇಶ ಕಂಡುಬಂದಿಲ್ಲ’ ಎಂದು ಕಡತ ಮುಚ್ಚುವವರಿಗೆ

ಜನಾಂಗೀಯ ತಾರತಮ್ಯದ ದೂರುಗಳನ್ನು ವಿಚಾರಿಸುವ ಎಲ್ಲ ಸಮಿತಿಗಳ ಅಧ್ಯಕ್ಷರಿಗೂ ಸದಸ್ಯರಿಗೂ,

ಮಾನ್ಯರೇ,

ಕೆಲವು ವರ್ಷಗಳ ಹಿಂದೆ ನಾನೂ ನಿಮ್ಮ ಹಾಗೆ ವಿಚಾರಣೆಯ ಮೇಜಿನ ಹಿಂದೆ ಕೂತಿದ್ದೆ. ನಮ್ಮೆದುರಿಗಿದ್ದ ದೂರು ಒಂದೂವರೆ ಪುಟದ್ದು. ಬರೆದವರು ಆ ಸಂಸ್ಥೆಯಲ್ಲೇ ನಾಲ್ಕು ವರ್ಷದಿಂದ ಕೆಲಸಕ್ಕಿದ್ದ ಒಬ್ಬ ಹೆಣ್ಣುಮಗಳು. ಅಲ್ಲಿದ್ದ ಬಹುಪಾಲು ಜನರಿಗಿಂತ ಆಕೆಯ ಮೈಬಣ್ಣ, ಮುಖಚಹರೆ ಎರಡೂ ಬೇರೆ. ಬೆಳಿಗ್ಗೆ ಬಾಗಿಲಿಗೆ ಬಂದರೆ ಕಾವಲುಗಾರ ತಡೆಯುತ್ತಾನೆ, ಗುರುತಿನ ಚೀಟಿ ಕೇಳುತ್ತಾನೆ, ಚೀಟಿಯ ಫೋಟೊ ನೋಡಿ ಮತ್ತೆ ಮುಖ ನೋಡುತ್ತಾನೆ, ಕೆಲವೊಮ್ಮೆ ಒಳಗೆ ಫೋನ್ ಮಾಡಿ ವಿಚಾರಿಸುತ್ತಾನೆ. ಆಕೆಯ ಹಿಂದೆ ಮುಂದೆ ಬಂದವರು ತಲೆಯಾಡಿಸಿ ಒಳಗೆ ಹೋಗುತ್ತಿರುತ್ತಾರೆ. ಒಂದೇ ತಿಂಗಳಲ್ಲಿ 17 ಸಲ ಹೀಗಾಗಿದೆ ಎಂದು ತಾರೀಖು ಸಮೇತ ಬರೆದಿದ್ದರು. ಕೊನೆಗೆ ಒಂದೇ ಸಾಲು: ‘ಇದು ಜನಾಂಗೀಯ ತಾರತಮ್ಯ ಎಂದು ನಾನು ತಿಳಿದಿದ್ದೇನೆ.’

ಕಾವಲುಗಾರನನ್ನು ಕರೆಸಿದೆವು. ಐವತ್ತು ದಾಟಿದ ಮನುಷ್ಯ, ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ‘ನನಗೆ ಯಾರ ಮೇಲೂ ದ್ವೇಷ ಇಲ್ಲ ಸಾರ್. ಗುರುತು ಸಿಗದವರನ್ನ ನಿಲ್ಲಿಸಿ ಅಂತ ಹೇಳಿದಾರೆ, ನಿಲ್ಲಿಸಿದೀನಿ’ ಎಂದರು. ಆ ಮಾತು ನಿಜವೆಂದು ನನಗೆ ಆಗಲೂ ಅನ್ನಿಸಿತು, ಈಗಲೂ ಅನ್ನಿಸುತ್ತದೆ. ಅವರ ಬಾಯಲ್ಲಿ ಕೆಟ್ಟ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ. ಎರಡು ಗಂಟೆ ಹೊತ್ತು ನಾವು ಮಾಡಿದ್ದು ಒಂದೇ ಕೆಲಸ: ಈ ಮನುಷ್ಯ ಒಳ್ಳೆಯವನೋ ಕೆಟ್ಟವನೋ ಎಂದು ತೂಗಿ ನೋಡಿದ್ದು. ಒಳ್ಳೆಯವನೇ ಎಂದು ತೀರ್ಮಾನವಾಯಿತು. ‘ಜನಾಂಗೀಯ ಉದ್ದೇಶ ಕಂಡುಬಂದಿಲ್ಲ’ ಎಂದು ಬರೆದು ಕಡತ ಮುಚ್ಚಿದೆವು. ನಾನೂ ಸಹಿ ಹಾಕಿದೆ.

ಆಕೆ ಎದ್ದು ಹೊರಟಾಗ ಕೊರಳಲ್ಲಿದ್ದ ಚೀಟಿಯ ಮೇಲೆ ನನ್ನ ಕಣ್ಣು ಬಿತ್ತು. ಪ್ಲಾಸ್ಟಿಕ್ ಕವಚದ ಒಂದು ಮೂಲೆ ಹೆಬ್ಬೆರಳು ತಾಗಿ ತಾಗಿ ಬೆಳ್ಳಗೆ ಸವೆದಿತ್ತು. ಆಮೇಲೆ ಒಬ್ಬ ಸಹೋದ್ಯೋಗಿಯಿಂದ ತಿಳಿಯಿತು, ಬಾಗಿಲು ಇನ್ನೂ ನೂರು ಹೆಜ್ಜೆ ದೂರ ಇರುವಾಗಲೇ ಆಕೆ ಚೀಟಿಯನ್ನು ಕೈಯಲ್ಲಿ ಎತ್ತಿ ಹಿಡಿದು ನಡೆಯುತ್ತಿದ್ದರಂತೆ. ಅದರ ಬಗ್ಗೆ ನಾವು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ನಾವು ಎಡವಿದ್ದು ಎಲ್ಲಿ ಎಂದು ಅಂದಿನಿಂದ ಯೋಚಿಸುತ್ತಾ ಬಂದಿದ್ದೇನೆ. ನನಗೆ ಅರ್ಥವಾದಷ್ಟನ್ನು ನಿಮ್ಮ ಮುಂದಿಡುತ್ತೇನೆ.

ಮೊದಲ ತೊಡಕು ಮಾತಿನಲ್ಲೇ ಇದೆ. ರೇಸಿಸಂ ಎನ್ನುವುದಕ್ಕೆ ಕನ್ನಡದಲ್ಲಿ ಒಂದೇ ಪದ ನೆಲೆ ನಿಂತಿಲ್ಲ. ಜನಾಂಗೀಯ ದ್ವೇಷ ಅನ್ನುತ್ತೇವೆ, ಜನಾಂಗೀಯ ನಿಂದನೆ ಅನ್ನುತ್ತೇವೆ, ಜನಾಂಗೀಯ ತಾರತಮ್ಯ, ವರ್ಣಭೇದ ನೀತಿ, ಜನಾಂಗೀಯವಾದ, ಎಲ್ಲವನ್ನೂ ಅದಲುಬದಲು ಮಾಡಿ ಬಳಸುತ್ತೇವೆ. ಇವು ಒಂದೇ ಅಲ್ಲ. ದ್ವೇಷ ಮನಸ್ಸಿನಲ್ಲಿರುವುದು. ನಿಂದನೆ ನಾಲಿಗೆಯದು. ತಾರತಮ್ಯ ನಡವಳಿಕೆಯಲ್ಲಿ ಕಾಣುವುದು, ನಿಯಮದಲ್ಲಿ ಅಡಗುವುದು. ವರ್ಣಭೇದ ನೀತಿ ಎಂದರೆ ದಕ್ಷಿಣ ಆಫ್ರಿಕದಲ್ಲಿ 1948ರಿಂದ ನಡೆದಂತೆ ಸರ್ಕಾರವೇ ಕಾನೂನು ಬರೆದು ಮಾಡುವುದು. ನಮ್ಮ ದೂರುದಾರರು ಬರೆದದ್ದು ತಾರತಮ್ಯ ಎಂದು. ನಾವು ಹುಡುಕಿದ್ದು ದ್ವೇಷವನ್ನು. ಸಿಗಲಿಲ್ಲ. ಸಿಗದೆ ಇದ್ದದ್ದು ಸಹಜ, ಆಕೆ ಅದು ಇದೆ ಎಂದು ಹೇಳಿಯೇ ಇರಲಿಲ್ಲ.

ಈ ಗೊಂದಲ ಕನ್ನಡಿಗರದಷ್ಟೇ ಅಲ್ಲ. ಇಂಗ್ಲಿಷಿನಲ್ಲಿ ಪದ ಒಂದೇ, ಆದರೆ ಅದರೊಳಗೆ ಅರ್ಥಗಳು ಪದರ ಪದರವಾಗಿ ಕೂತಿವೆ. ಆ ಪದ ಜನಬಳಕೆಗೆ ಬಂದದ್ದು ಮುಖ್ಯವಾಗಿ 1930ರ ದಶಕದಲ್ಲಿ, ಜರ್ಮನಿಯ ನಾಜಿಗಳ ಸಿದ್ಧಾಂತವನ್ನು ಹೆಸರಿಸುವಾಗ. ಮನುಷ್ಯರಲ್ಲಿ ಮೇಲು ಜನಾಂಗ, ಕೀಳು ಜನಾಂಗ ಎಂದಿವೆ, ಅದು ರಕ್ತದಲ್ಲೇ ಬರುವಂಥದ್ದು ಎನ್ನುವ ನಂಬಿಕೆಗೆ ಆಗ ಆ ಹೆಸರು. ಯುದ್ಧ ಮುಗಿದು, ಲಕ್ಷಾಂತರ ಜನರ ಹತ್ಯೆ ಜಗತ್ತಿನ ಕಣ್ಣಿಗೆ ಬಿದ್ದ ಮೇಲೆ ಆ ಸಿದ್ಧಾಂತವನ್ನು ಬಹಿರಂಗವಾಗಿ ಒಪ್ಪುವವರು ಕಡಿಮೆಯಾದರು. ಯುನೆಸ್ಕೊ 1950ರಲ್ಲಿ ವಿದ್ವಾಂಸರನ್ನು ಸೇರಿಸಿ ಅದಕ್ಕೆ ಆಧಾರವಿಲ್ಲ ಎಂದು ಹೇಳಿಕೆ ಹೊರಡಿಸಿತು. ಇವತ್ತು ‘ನಾನು ಜನಾಂಗೀಯವಾದಿ ಅಲ್ಲ’ ಎನ್ನುವವರು ಬಹುತೇಕ ಈ ಹಳೆಯ ಅರ್ಥದಲ್ಲೇ ಹೇಳುತ್ತಾರೆ. ಅವರು ಸುಳ್ಳಾಡುತ್ತಿಲ್ಲ. ಅವರ ಎದುರು ಕೂತವರು ಕೇಳುತ್ತಿರುವುದು ಮಾತ್ರ ಬೇರೆ ಪ್ರಶ್ನೆ. ಎತ್ತು ಏರಿಗೆ, ಕೋಣ ನೀರಿಗೆ.

ಎದುರು ಕೂತವರ ಅರ್ಥಕ್ಕೂ ಚರಿತ್ರೆ ಇದೆ. ಅಮೆರಿಕದಲ್ಲಿ 1967ರಲ್ಲಿ ಕಪ್ಪುವರ್ಣೀಯರ ಹಕ್ಕಿನ ಹೋರಾಟಗಾರ ಸ್ಟೋಕ್ಲಿ ಕಾರ್ಮೈಕಲ್ ಮತ್ತು ರಾಜ್ಯಶಾಸ್ತ್ರದ ವಿದ್ವಾಂಸ ಚಾರ್ಲ್ಸ್ ಹ್ಯಾಮಿಲ್ಟನ್ ಎಂಬ ಇಬ್ಬರು ಒಂದು ಹೋಲಿಕೆ ಕೊಟ್ಟರು. ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕಪ್ಪುವರ್ಣೀಯರ ಚರ್ಚಿಗೆ ಬಾಂಬಿಟ್ಟು ಮಕ್ಕಳನ್ನು ಕೊಂದರೆ ಎಲ್ಲರೂ ಅದನ್ನು ಗುರುತಿಸುತ್ತಾರೆ, ಖಂಡಿಸುತ್ತಾರೆ. ಅದೇ ನಗರದಲ್ಲಿ ಸರಿಯಾದ ಆಹಾರ, ಸೂರು, ವೈದ್ಯ ಇಲ್ಲದೆ ವರ್ಷಕ್ಕೆ ಐನೂರು ಕಪ್ಪು ಹಸುಗೂಸುಗಳು ಸತ್ತರೆ ಅದಕ್ಕೆ ಯಾವ ಹೆಸರು? ಬಾಂಬಿಟ್ಟವನನ್ನು ತೋರಿಸಬಹುದು. ಎರಡನೆಯದರಲ್ಲಿ ಬೆರಳು ಮಾಡಿ ತೋರಿಸಲು ಒಬ್ಬ ಮನುಷ್ಯನಿಲ್ಲ. ಅವರು ಅದನ್ನು ಸಾಂಸ್ಥಿಕ ಜನಾಂಗೀಯತೆ ಎಂದು ಕರೆದರು.

ಇದು ಬರೀ ವಿದ್ವಾಂಸರ ಜಗಳ, ಕಾನೂನಿಗೆ ಸಂಬಂಧವಿಲ್ಲ ಎಂದು ನೀವು ಹೇಳಬಹುದು. ಹಾಗಿದ್ದರೆ ಅಮೆರಿಕದ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ನೋಡಿ, ಎರಡರ ನಡುವೆ ಇರುವುದು ಐದೇ ವರ್ಷ.

ನಾರ್ತ್ ಕೆರೊಲಿನಾದ ಡ್ಯೂಕ್ ಪವರ್ ಕಂಪನಿಯ ವಿದ್ಯುತ್ ಸ್ಥಾವರದಲ್ಲಿ ಕಪ್ಪುವರ್ಣೀಯರನ್ನು ಕೂಲಿ ವಿಭಾಗಕ್ಕೆ ಮಾತ್ರ ತೆಗೆದುಕೊಳ್ಳುತ್ತಿದ್ದರು. ಆ ವಿಭಾಗದ ಅತಿ ಹೆಚ್ಚಿನ ಸಂಬಳ ಉಳಿದ ವಿಭಾಗಗಳ ಅತಿ ಕಡಿಮೆ ಸಂಬಳಕ್ಕಿಂತ ಕೆಳಗಿತ್ತು. ಉದ್ಯೋಗದಲ್ಲಿ ತಾರತಮ್ಯ ನಿಷೇಧಿಸುವ ಕಾನೂನು 1965ರ ಜುಲೈ 2ರಂದು ಜಾರಿಗೆ ಬಂತು. ಅದೇ ದಿನ ಕಂಪನಿ ಹೊಸ ನಿಯಮ ತಂದಿತು: ಮೇಲಿನ ವಿಭಾಗಗಳಿಗೆ ಹೊಸದಾಗಿ ಸೇರಬೇಕಾದರೆ ಹೈಸ್ಕೂಲು ಮುಗಿಸಿದ್ದರೆ ಸಾಲದು, ಎರಡು ಲಿಖಿತ ಪರೀಕ್ಷೆಗಳಲ್ಲೂ ಪಾಸಾಗಬೇಕು. ನಿಯಮದಲ್ಲಿ ಬಣ್ಣದ ಮಾತೇ ಇಲ್ಲ. ಹೈಸ್ಕೂಲು ಮುಗಿಸದ ಬಿಳಿಯರು ಅದಕ್ಕೂ ಮೊದಲೇ ಆ ಕೆಲಸಗಳಿಗೆ ಸೇರಿ ಚೆನ್ನಾಗಿಯೇ ಮಾಡಿಕೊಂಡು ಹೋಗುತ್ತಿದ್ದರು. 13 ಜನ ಕಪ್ಪುವರ್ಣೀಯ ಕೆಲಸಗಾರರು ಕೋರ್ಟಿಗೆ ಹೋದರು. 1971ರಲ್ಲಿ ಕೋರ್ಟು ಒಮ್ಮತದಿಂದ ಹೇಳಿತು: ಉದ್ದೇಶ ಒಳ್ಳೆಯದಿದ್ದರೂ, ಕೆಲಸಕ್ಕೆ ಬೇಕಿಲ್ಲದ ಅಂಥ ನಿಯಮ ಒಂದು ಸಮುದಾಯವನ್ನೇ ಹೊರಗಿಡುವುದಾದರೆ ಅದಕ್ಕೆ ಈ ಕಾನೂನಿನಲ್ಲಿ ಜಾಗವಿಲ್ಲ.

1976ರಲ್ಲಿ ಮತ್ತೊಂದು ಮೊಕದ್ದಮೆ. ವಾಷಿಂಗ್ಟನ್ ನಗರದ ಪೊಲೀಸ್ ನೇಮಕಾತಿಯ ಭಾಷಾ ಪರೀಕ್ಷೆಯಲ್ಲಿ ಕಪ್ಪುವರ್ಣೀಯರು ನಪಾಸಾಗುವ ಪ್ರಮಾಣ ಬಿಳಿಯರಿಗಿಂತ ಸುಮಾರು ನಾಲ್ಕು ಪಟ್ಟು. ಈ ಸಲ ವಾದ ಸಂವಿಧಾನದ ಮೇಲೆ ನಡೆಯಿತು. ಪರಿಣಾಮ ಒಂದೇ ಸಾಲದು, ತಾರತಮ್ಯ ಮಾಡುವ ಉದ್ದೇಶವಿತ್ತು ಎಂದು ತೋರಿಸಬೇಕು ಎಂದಿತು ಅದೇ ಕೋರ್ಟು. ಒಂದು ಕಾನೂನಿನ ಕೆಳಗೆ ಪರಿಣಾಮ ಸಾಕು, ಇನ್ನೊಂದರ ಕೆಳಗೆ ಸಾಲದು. ವ್ಯಾಖ್ಯಾನ ಎನ್ನುವುದು ಯಾರು ಯಾವ ಕೆಲಸಕ್ಕೆ ಕೇಳುತ್ತಿದ್ದಾರೆ ಎನ್ನುವುದರ ಮೇಲೆ ಬದಲಾಗುತ್ತದೆ ಎಂದು ನನಗೆ ಸ್ಪಷ್ಟವಾದದ್ದು ಈ ಎರಡನ್ನು ಜೊತೆಗಿಟ್ಟು ಓದಿದಾಗ.

ವಿಶ್ವಸಂಸ್ಥೆ ಈ ಪ್ರಶ್ನೆಗೆ ಅದಕ್ಕೂ ಮೊದಲೇ ಉತ್ತರ ಕೊಟ್ಟಿತ್ತು. ಎಲ್ಲ ಬಗೆಯ ಜನಾಂಗೀಯ ತಾರತಮ್ಯದ ನಿವಾರಣೆಗೆಂದು 1965ರ ಡಿಸೆಂಬರ್ 21ರಂದು ಅಂಗೀಕಾರವಾದ ಒಡಂಬಡಿಕೆಯ ಮೊದಲ ವಿಧಿಯನ್ನು ದಯವಿಟ್ಟು ಒಮ್ಮೆ ಓದಿ. ಜನಾಂಗ, ಮೈಬಣ್ಣ, ವಂಶ, ರಾಷ್ಟ್ರ ಮೂಲ ಅಥವಾ ಜನಸಮುದಾಯದ ಮೂಲದ ಮೇಲೆ ಮಾಡುವ ಯಾವುದೇ ಭೇದ, ಹೊರಗಿಡುವಿಕೆ, ನಿರ್ಬಂಧ ಅಥವಾ ಒಲವು, ಸಮಾನ ಹಕ್ಕನ್ನು ಕುಂದಿಸುವ ‘ಉದ್ದೇಶ ಅಥವಾ ಪರಿಣಾಮ’ ಹೊಂದಿದ್ದರೆ ಅದು ಜನಾಂಗೀಯ ತಾರತಮ್ಯ. ‘ಅಥವಾ’ ಎಂದಿದೆ, ‘ಮತ್ತು’ ಎಂದಿಲ್ಲ. ನಮ್ಮ ಸಮಿತಿಯಲ್ಲಿ ಆ ‘ಅಥವಾ’ವನ್ನು ಯಾರೂ ನೋಡಿರಲಿಲ್ಲ. ‘ವಂಶ’ ಎಂಬ ಪದದ ಸುತ್ತಲೂ ದೊಡ್ಡ ವಿವಾದ ಇದೆ. ಜಾತಿಯೂ ಅದರೊಳಗೆ ಬರುತ್ತದೆ ಎಂದು ಒಡಂಬಡಿಕೆಯ ಸಮಿತಿ 2002ರಲ್ಲಿ ಹೇಳಿತು, ಭಾರತ ಸರ್ಕಾರ ಒಪ್ಪಲಿಲ್ಲ. ನನ್ನ ಮಟ್ಟಿಗೆ ಸಮಿತಿ ಹೇಳಿದ್ದೇ ಸರಿ. ಆದರೆ ಅದು ಬೇರೆಯೇ ಪತ್ರವಾಗುವಷ್ಟು ದೊಡ್ಡ ವಿಷಯ.

ಜನಾಂಗ ಎನ್ನುವುದೇ ವಿಜ್ಞಾನದಲ್ಲಿ ನಿಲ್ಲದ ಮಾತು, ಇಲ್ಲದ್ದರ ಹೆಸರಿನಲ್ಲಿ ತಾರತಮ್ಯ ಹೇಗಾದೀತು ಎಂದು ಕೇಳುವವರೂ ಇದ್ದಾರೆ. ನಮ್ಮ ಸಮಿತಿಯಲ್ಲೂ ಒಬ್ಬರು ಕೇಳಿದರು. ಮಾತಿನ ಮೊದಲರ್ಧ ಬಹಳ ಮಟ್ಟಿಗೆ ಸರಿ. ಮನುಷ್ಯರ ನಡುವಿನ ಆನುವಂಶಿಕ ವ್ಯತ್ಯಾಸದಲ್ಲಿ ಸುಮಾರು 85 ಶೇಕಡಾ ಯಾವುದೇ ಒಂದು ಸಮುದಾಯದ ಒಳಗೇ ಇರುತ್ತದೆ ಎಂದು ತಳಿವಿಜ್ಞಾನಿ ರಿಚರ್ಡ್ ಲೆವೊಂಟಿನ್ 1972ರಲ್ಲೇ ತೋರಿಸಿದರು. ಉಳಿದರ್ಧಕ್ಕೆ ಉತ್ತರ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿದೆ. ಪಂಜಾಬಿನಿಂದ ಹೋಗಿ ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೇನೆಯಲ್ಲಿದ್ದವರು ಅವರು. ಆಗ ಅಲ್ಲಿ ವಲಸಿಗರಿಗೆ ಪೌರತ್ವ ಬೇಕೆಂದರೆ ‘ಬಿಳಿಯ’ರಾಗಿರಬೇಕಿತ್ತು, ಇಲ್ಲವೇ ಆಫ್ರಿಕ ಮೂಲದವರಾಗಿರಬೇಕಿತ್ತು. 1922ರ ನವೆಂಬರಿನಲ್ಲಿ ಜಪಾನಿನ ತಕಾವೊ ಒಜಾವಾ ಅವರಿಗೆ ಸುಪ್ರೀಂ ಕೋರ್ಟು ಹೇಳಿತು: ಚರ್ಮ ಎಷ್ಟೇ ಬೆಳ್ಳಗಿರಲಿ, ಬಿಳಿಯ ಎಂದರೆ ಕಕೇಷಿಯನ್ (ಯುರೋಪು ಮತ್ತು ಅದರ ಸುತ್ತಲಿನ ಜನರಿಗೆ ಮಾನವಶಾಸ್ತ್ರಿಗಳು ಇಟ್ಟಿದ್ದ ಹೆಸರು) ಜನಾಂಗದವನು. ಥಿಂಡ್ ಅವರು ಹಾಗಾದರೆ ನಾನು ಕಕೇಷಿಯನ್ ಎಂದರು, ಆ ಕಾಲದ ಮಾನವಶಾಸ್ತ್ರಿಗಳ ಪುಸ್ತಕಗಳು ಅವರ ಪರವಾಗಿಯೇ ಇದ್ದವು. ಮೂರು ತಿಂಗಳು ಕಳೆದು, 1923ರ ಫೆಬ್ರವರಿಯಲ್ಲಿ, ಒಜಾವಾ ತೀರ್ಪು ಬರೆದ ಅದೇ ನ್ಯಾಯಮೂರ್ತಿ ಜಾರ್ಜ್ ಸದರ್ಲೆಂಡ್ ಬರೆದರು: ಶಾಸ್ತ್ರ ಏನೇ ಹೇಳಲಿ, ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯ ಎನ್ನುತ್ತಾನೋ ಅವನೇ ಬಿಳಿಯ. ಗೆರೆ ಹೇಗೆ ಎಳೆದರೂ ಇಬ್ಬರೂ ಹೊರಗೇ ಉಳಿದರು. ಮೊದಲೇ ಪೌರತ್ವ ಸಿಕ್ಕಿದ್ದ ಎಷ್ಟೋ ಭಾರತೀಯರ ಪೌರತ್ವವೂ ಆಮೇಲೆ ರದ್ದಾಯಿತು. ಜನಾಂಗ ಎನ್ನುವ ಗೆರೆ ಕೃತಕ ಇರಬಹುದು. ಅದನ್ನು ಎಳೆದ ಜಾಗದಲ್ಲಿ ನಿಂತವರು ಕಳೆದುಕೊಂಡದ್ದು ಕೃತಕ ಅಲ್ಲ.

ಈಗ ಉದ್ದೇಶದ ಮಾತಿಗೇ ಬರುತ್ತೇನೆ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಪುಟ್ಟ ಯಂತ್ರ ನಿಮಗೆ ಗೊತ್ತಿದೆ, ಆಕ್ಸಿಮೀಟರ್. ಅದು ಬೆರಳಿನ ಮೂಲಕ ಬೆಳಕು ಹಾಯಿಸುತ್ತದೆ, ಆಚೆ ಬದಿಗೆ ಎಷ್ಟು ಬೆಳಕು ಬಂತು ಎನ್ನುವುದರಿಂದ ಲೆಕ್ಕ ಹಾಕುತ್ತದೆ. ಚರ್ಮದ ಕಪ್ಪು ವರ್ಣಕ ಕೂಡ ಬೆಳಕನ್ನು ಹೀರುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದ ಲೆಕ್ಕ ಹೀಗಿತ್ತು: ಯಂತ್ರ 92ರಿಂದ 96 ಎಂದು ಸಮಾಧಾನಕರ ಅಂಕಿ ತೋರಿಸುತ್ತಿದ್ದಾಗ, ರಕ್ತ ತೆಗೆದು ಪರೀಕ್ಷಿಸಿದರೆ ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದದ್ದು ಬಿಳಿಯರಲ್ಲಿ ನೂರಕ್ಕೆ ಸುಮಾರು 4 ಸಲ, ಕಪ್ಪುವರ್ಣೀಯರಲ್ಲಿ ಸುಮಾರು 12 ಸಲ. ಉಸಿರಿಗೆ ತಡಕಾಡುತ್ತಿರುವ ರೋಗಿಗೆ ಯಂತ್ರ ‘ನೀನು ಚೆನ್ನಾಗಿದ್ದೀಯ’ ಎಂದು ಹೇಳುತ್ತಿದೆ.

ಈ ಯಂತ್ರಕ್ಕೆ ದ್ವೇಷವಿದೆಯೇ? ಮಾಡಿದವರಿಗೆ ಕಪ್ಪು ಜನರ ಮೇಲೆ ಹಗೆ ಇತ್ತೇ? ಇತ್ತೆಂದು ಹೇಳಲು ಯಾವ ಆಧಾರವೂ ಇಲ್ಲ. ಇಲ್ಲಿಗೆ ‘ಉದ್ದೇಶ ಕಂಡುಬಂದಿಲ್ಲ’ ಎಂದು ಬರೆದು ಕಡತ ಮುಚ್ಚಬಹುದೇ? ಇದರಲ್ಲಿ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಚರ್ಮದ ಬಣ್ಣ ಈ ಯಂತ್ರವನ್ನು ದಾರಿ ತಪ್ಪಿಸುತ್ತದೆ ಎಂದು 1990ರಲ್ಲೇ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅಧ್ಯಯನ ಬಂದಿತ್ತು. ಮೂವತ್ತು ವರ್ಷ! ಗೊತ್ತಿಲ್ಲದೆ ಆದ ತಪ್ಪಿಗೆ ಯಾರನ್ನೂ ದೂರಬೇಡಿ, ಸರಿ. ಗೊತ್ತಾದ ಮೇಲೂ ಹಾಗೆಯೇ ಬಿಟ್ಟರೆ? ತಿಳಿಯದಿದ್ದದ್ದು ಬೇರೆ, ತಿಳಿದೂ ಕೈಕಟ್ಟಿ ಕೂತದ್ದು ಬೇರೆ. ನಮ್ಮ ಕಾವಲುಗಾರನ ವಿಷಯದಲ್ಲೂ ಇದೇ. ‘ಗುರುತು ಸಿಗದವರನ್ನು ನಿಲ್ಲಿಸಿ’ ಎಂಬ ಆದೇಶ ಬರೆದವರಿಗೆ ಅದು ಯಾರ ಮೇಲೆ ಬೀಳುತ್ತದೆ ಎಂದು ಹೊಳೆದಿರಲಿಕ್ಕಿಲ್ಲ. ಆಕೆಯ ದೂರು ಬಂದ ದಿನ ಹೊಳೆಯಬೇಕಿತ್ತು. 17 ತಾರೀಖುಗಳ ಪಟ್ಟಿ ಮೇಜಿನ ಮೇಲೆ ಬಿದ್ದ ಮೇಲೆ ‘ನಮಗೆ ಗೊತ್ತಿರಲಿಲ್ಲ’ ಎನ್ನುವ ಮಾತು ಮುಗಿಯಿತು. ಆಮೇಲೆ ಆ ಬಾಗಿಲಲ್ಲಿ ನಡೆದದ್ದು ಕಾವಲುಗಾರನ ತಪ್ಪಲ್ಲ, ಸಹಿ ಹಾಕಿದ ನಮ್ಮದು.

ಲಂಡನ್ನಿನ ಪಾಠವೂ ಇದೇ. 1993ರ ಏಪ್ರಿಲ್ 22ರ ರಾತ್ರಿ 18ರ ಕಪ್ಪುವರ್ಣೀಯ ಹುಡುಗ ಸ್ಟೀಫನ್ ಲಾರೆನ್ಸ್ ಗೆಳೆಯನ ಜೊತೆ ಬಸ್ಸಿಗೆ ಕಾಯುತ್ತಿದ್ದಾಗ ಬಿಳಿಯ ಹುಡುಗರ ಗುಂಪೊಂದು ಇರಿದು ಕೊಂದಿತು. ಕೊಂದವರದು ದ್ವೇಷ, ಅದರಲ್ಲಿ ಯಾರಿಗೂ ಅನುಮಾನವಿಲ್ಲ. ಆಮೇಲೆ ಬಂದ ಪೊಲೀಸರದು? ಜೊತೆಗಿದ್ದ ಗೆಳೆಯನೂ ದಾಳಿಗೆ ಸಿಕ್ಕವನೇ ಎನ್ನುವುದನ್ನು ಅವರು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ, ಅವನ ಮಾತಿಗೆ ಬೆಲೆ ಕೊಡಲಿಲ್ಲ. ಮೊದಲ ದಿನಗಳ ತನಿಖೆ ಹಳ್ಳ ಹಿಡಿಯಿತು. ಇಬ್ಬರಿಗೆ ಶಿಕ್ಷೆಯಾಗಲು 2012ರ ತನಕ ಕಾಯಬೇಕಾಯಿತು. ನಿವೃತ್ತ ನ್ಯಾಯಾಧೀಶ ಸರ್ ವಿಲಿಯಂ ಮ್ಯಾಕ್‌ಫರ್ಸನ್ ಅವರ 1999ರ ವರದಿ ಪೊಲೀಸ್ ಇಲಾಖೆಯಲ್ಲಿ ಸಾಂಸ್ಥಿಕ ಜನಾಂಗೀಯತೆ ಇದೆ ಎಂದಿತು. ಅರಿವಿಲ್ಲದ ಪೂರ್ವಗ್ರಹ, ಅಜ್ಞಾನ, ವಿವೇಚನೆ ಇಲ್ಲದ ನಡೆ, ಇವುಗಳಿಂದಲೂ ಒಂದು ಸಂಸ್ಥೆ ಒಂದು ಸಮುದಾಯಕ್ಕೆ ತನ್ನ ಕರ್ತವ್ಯ ತಪ್ಪಬಹುದು ಎಂಬುದು ಅದರ ಸಾರ. ಪ್ರತಿಯೊಬ್ಬ ಪೊಲೀಸನೂ ಜನಾಂಗೀಯವಾದಿ ಎಂದು ಅದು ಹೇಳಲಿಲ್ಲ, ಆದರೂ ಹಾಗೆ ಹೇಳಿದೆ ಎಂದೇ ಬಹಳ ಜನ ಸಿಟ್ಟಾದರು.

ಆ ವರದಿಯಲ್ಲಿ ನಿಮ್ಮ ಕೆಲಸಕ್ಕೆ ನೇರವಾಗಿ ಬೇಕಾದ ಇನ್ನೊಂದು ಮಾತಿದೆ. ತೊಂದರೆಗೊಳಗಾದವರು ಅಥವಾ ಬೇರೆ ಯಾರೇ ಆಗಲಿ ಒಂದು ಘಟನೆಯನ್ನು ಜನಾಂಗೀಯ ಎಂದು ಭಾವಿಸಿದರೆ ಅದನ್ನು ಜನಾಂಗೀಯ ಘಟನೆ ಎಂದೇ ದಾಖಲಿಸಬೇಕು. ಇದನ್ನು ಟೀಕಿಸುವವರು ‘ಹಾಗಾದರೆ ಯಾರು ಬೇಕಾದರೂ ಯಾರ ಮೇಲಾದರೂ ಹಣೆಪಟ್ಟಿ ಅಂಟಿಸಬಹುದೇ’ ಎನ್ನುತ್ತಾರೆ. ಅದು ಹಣೆಪಟ್ಟಿಯ ವ್ಯಾಖ್ಯಾನವೇ ಅಲ್ಲ, ದಾಖಲಾತಿಯದು. ಕಳ್ಳತನವಾಯಿತು ಎಂದು ಬಂದವರ ದೂರನ್ನು ಬರೆದುಕೊಳ್ಳುತ್ತಾರೆ, ಕಳ್ಳ ಯಾರು ಎನ್ನುವುದು ಆಮೇಲಿನ ಮಾತು. ಬರೆದುಕೊಳ್ಳುವಾಗ ಕೈ ಧಾರಾಳವಾಗಿರಲಿ, ತೀರ್ಮಾನ ಕೊಡುವಾಗ ಬಿಗಿಯಾಗಿರಲಿ. ಎರಡಕ್ಕೂ ಒಂದೇ ವ್ಯಾಖ್ಯಾನ ಇಟ್ಟುಕೊಂಡರೆ ಒಂದೋ ದೂರುಗಳು ದಾಖಲಾಗುವುದೇ ಇಲ್ಲ, ಇಲ್ಲವೇ ನಿರಪರಾಧಿಗಳ ಹೆಸರು ಕೆಡುತ್ತದೆ.

ಹೆಸರು ಕೆಡುವ ಭಯ ಸುಳ್ಳಲ್ಲ. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಆ ಕಾವಲುಗಾರನನ್ನು ಜನಾಂಗೀಯವಾದಿ ಎಂದು ಕರೆದು ಮನೆಗೆ ಕಳಿಸಿದ್ದರೆ ಅದು ಘೋರ ಅನ್ಯಾಯವಾಗುತ್ತಿತ್ತು. ಎಲ್ಲ ಅಂತರವೂ ತಾರತಮ್ಯದಿಂದಲೇ ಹುಟ್ಟಿದ್ದು ಎನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಸಂಖ್ಯೆಯಲ್ಲಿ ವ್ಯತ್ಯಾಸ ಕಂಡಾಗ ಅದಕ್ಕೆ ಕಾರಣವಾದ ನಿಯಮ ಯಾವುದು, ಅದು ಕೆಲಸಕ್ಕೆ ನಿಜವಾಗಿ ಬೇಕೇ ಎಂದು ನೋಡಬೇಕು. ಬೇಕು ಎಂದಾದರೆ ನಿಯಮ ಉಳಿಯಲಿ.

ಪೂರ್ವಗ್ರಹದ ಜೊತೆ ಅಧಿಕಾರವೂ ಸೇರಿದರೆ ಮಾತ್ರ ಜನಾಂಗೀಯತೆ ಎನ್ನುವ ವ್ಯಾಖ್ಯಾನವೂ ಚಾಲ್ತಿಯಲ್ಲಿದೆ. 1970ರ ಸುಮಾರಿಗೆ ಅಮೆರಿಕದಲ್ಲಿ ಹುಟ್ಟಿದ್ದು. ಒಂದು ಬೈಗುಳ ಪೊಲೀಸನ ಬಾಯಿಂದ ಬಂದಾಗಲೂ ದಾರಿಹೋಕನ ಬಾಯಿಂದ ಬಂದಾಗಲೂ ಒಂದೇ ಆಗುವುದಿಲ್ಲ ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ. ಆದರೆ ಸಮಿತಿಯ ಮೇಜಿನ ಮೇಲೆ ಅದನ್ನು ಅಳತೆಗೋಲಾಗಿ ಇಡಬೇಡಿ ಎಂದು ಬೇಡಿಕೊಳ್ಳುತ್ತೇನೆ. ಮೈಬಣ್ಣಕ್ಕಾಗಿ ಹೊಡೆತ ತಿಂದು ಬಂದ ಹುಡುಗನಿಗೆ, ‘ಹೊಡೆದವನ ಸಮುದಾಯಕ್ಕೂ ಅಧಿಕಾರವಿಲ್ಲವಲ್ಲ, ಹಾಗಾಗಿ ಇದು ಆ ಪಟ್ಟಿಗೆ ಸೇರುವುದಿಲ್ಲ’ ಎಂದು ಹೇಳಿ ಕಳಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. 1965ರ ಒಡಂಬಡಿಕೆಯಲ್ಲೂ ಅಂಥ ಷರತ್ತಿಲ್ಲ.

ನಿಘಂಟು ನೋಡಿ ತೀರ್ಮಾನಿಸೋಣ ಎನ್ನುವವರಿಗೆ ಒಂದು ಮಾತು. ‘ವಾದದಲ್ಲಿ ಎಲ್ಲರೂ ನಿಮ್ಮ ನಿಘಂಟಿನ ಅರ್ಥವನ್ನೇ ನನ್ನ ಮುಂದೆ ಹಿಡಿಯುತ್ತಾರೆ, ಅದರಲ್ಲಿ ವ್ಯವಸ್ಥೆಯ ಮಾತು ಸಾಲದು’ ಎಂದು 2020ರಲ್ಲಿ ಅಮೆರಿಕದ ಒಬ್ಬ ಯುವತಿ ಮೆರಿಯಮ್ ವೆಬ್‌ಸ್ಟರ್ ನಿಘಂಟಿನ ಸಂಪಾದಕರಿಗೆ ಬರೆದರು. ಸಂಪಾದಕರು ಪರಿಷ್ಕರಿಸಲು ಒಪ್ಪಿದರು. ಜನ ಬಳಸಿದಂತೆ ನಿಘಂಟು ಬರೆಯುತ್ತದೆ. ನಿಮ್ಮ ತೀರ್ಪನ್ನು ಅದು ಬರೆದುಕೊಡುವುದಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ದೂರು ಬಂದಾಗ ‘ಇವನು ಜನಾಂಗೀಯವಾದಿಯೇ’ ಎನ್ನುವ ಪ್ರಶ್ನೆಯಿಂದ ಶುರು ಮಾಡಬೇಡಿ. ಆ ಪ್ರಶ್ನೆ ಬಿದ್ದ ಕೂಡಲೇ ಎದುರಿನವರು ಮಾನ ಕಾಪಾಡಿಕೊಳ್ಳಲು ನಿಲ್ಲುತ್ತಾರೆ, ದೂರು ಕೊಟ್ಟವರು ಆರೋಪ ಹೊರಿಸಿದ್ದೇ ಅಪರಾಧ ಎಂಬಂತೆ ಕುಗ್ಗುತ್ತಾರೆ, ಆದದ್ದೇನು ಎನ್ನುವುದು ಮರೆಗೆ ಸರಿಯುತ್ತದೆ. ಏನಾಯಿತು, ಎಷ್ಟು ಸಲ, ಬೇರೆಯವರಿಗೂ ಹೀಗೇ ಆಗುತ್ತದೆಯೇ, ಯಾವ ನಿಯಮದಿಂದ ಆಯಿತು, ಅದನ್ನು ಬದಲಿಸಿದರೆ ನಿಲ್ಲುತ್ತದೆಯೇ, ಇವನ್ನು ಕೇಳಿ. ಯಾರನ್ನಾದರೂ ಶಿಕ್ಷಿಸಬೇಕು ಎಂದಾಗ ಮಾತ್ರ ಉದ್ದೇಶವನ್ನು ತೂಗಿ, ಆಗ ಎಷ್ಟು ಬೇಕೋ ಅಷ್ಟು ಕಟ್ಟುನಿಟ್ಟಾಗಿ ತೂಗಿ. ತೊಂದರೆ ನಿಲ್ಲಿಸುವುದಕ್ಕೆ ಅಪರಾಧಿ ಸಿಗಬೇಕೆಂದೇನಿಲ್ಲ. ನಮ್ಮ ಬಾಗಿಲಲ್ಲಿ ಬೇಕಿದ್ದದ್ದು ಒಂದು ಸಾಲಿನ ತಿದ್ದುಪಡಿ: ‘ಗುರುತು ಸಿಗದವರನ್ನು ನಿಲ್ಲಿಸಿ’ ಎನ್ನುವಲ್ಲಿ ‘ಪ್ರತಿಯೊಬ್ಬರೂ ಚೀಟಿ ತೋರಿಸಬೇಕು’. ಹಾಗೆ ಬರೆದಿದ್ದರೆ ಕಾವಲುಗಾರನ ಮರ್ಯಾದೆಯೂ ಉಳಿಯುತ್ತಿತ್ತು, ಆಕೆಯದೂ ಉಳಿಯುತ್ತಿತ್ತು.

ನಿಮ್ಮ ಕಪಾಟಿನಲ್ಲೂ ‘ಉದ್ದೇಶ ಕಂಡುಬಂದಿಲ್ಲ’ ಎಂದು ಮುಚ್ಚಿದ ಕಡತಗಳಿರುತ್ತವೆ. ಅವುಗಳಲ್ಲಿ ಒಂದನ್ನಾದರೂ ಈ ವಾರ ತೆಗೆಯಿರಿ. ದೂರು ಕೊಟ್ಟವರಿಗೆ ಫೋನ್ ಮಾಡಿ, ‘ಅದು ನಿಂತಿತೇ?’ ಎಂದು ಕೇಳಿ. ನಾನು ಕೇಳಲಿಲ್ಲ. ಎಂಟು ತಿಂಗಳ ನಂತರ ಆಕೆ ಕೆಲಸ ಬಿಟ್ಟರು, ರಾಜೀನಾಮೆಯಲ್ಲಿ ‘ವೈಯಕ್ತಿಕ ಕಾರಣ’ ಎಂದಷ್ಟೇ ಇತ್ತು.

ಇಂತಿ,
ಆ ಕಡತಕ್ಕೆ ಸಹಿ ಹಾಕಿದ ಒಬ್ಬ ಸದಸ್ಯ